ಮೂವತ್ತನೆಯ ಗುರುತು

೨೫ ಮಾರ್ಚ್ ೧೯೪೪, ಶನಿವಾರ. ಲಿಂಕನ್‌ಶೈರ್.

ಉಗುರಿನ ಸಂದಿಯ ಹಳದಿ ಬಣ್ಣ ಇನ್ನೂ ಹೋಗಿಲ್ಲ. ಪೆಟ್ರೋಲಿನಲ್ಲಿ ಉಜ್ಜಿ ಉಜ್ಜಿ ಚರ್ಮವೇ ಕಿತ್ತು ಬಂತು.

ನಮ್ಮ ಲ್ಯಾಂಕಾಸ್ಟರ್ ಬಾಂಬರ್ ವಿಮಾನ ದಾಳಿ ಮುಗಿಸಿ ಮರಳಿದ ಮೇಲೆಯೇ ಅದರ ಮೂತಿಯ ಮೇಲೆ ನಾನು, ದಾಳಿಗೊಂದರಂತೆ, ಒಂದು ಪುಟ್ಟ ಹಳದಿ ಬಾಂಬಿನ ಗುರುತು ಬರೆಯುವುದು. ಅದು ಹೊರಡುವ ಮುಂಚೆ ಕುಂಚ ಮುಟ್ಟಿದವನಲ್ಲ. ಇಪ್ಪತ್ತೊಂಬತ್ತು ಸಲವೂ ಹಾಗೆಯೇ ಬರೆದೆ. ಮೂವತ್ತು ತುಂಬಿದರೆ ಅದರ ಏಳು ಹುಡುಗರಿಗೂ ದಾಳಿಯಿಂದ ಬಿಡುಗಡೆ.

ಬುಧವಾರ ಮಧ್ಯಾಹ್ನ ಪ್ರಚಾರದ ಅಧಿಕಾರಿ ಪತ್ರಿಕೆಯ ಫೋಟೋದವನನ್ನು ಕರೆತಂದ.

"ಮೂವತ್ತನೇದನ್ನೂ ಈಗ್ಲೇ ಬರೆದ್ಬಿಡಯ್ಯಾ. ಆಮೇಲೆ ಬೆಳಕಿರಲ್ಲ."

"ಅವ್ರು ಬಂದ್ಮೇಲೆ ಬರೀತೀನಿ ಸಾರ್."

"ಇದು ಆರ್ಡರ್."

ಬರೆದೆ. ಪೈಲಟ್ ಪಿಕರ್ಸ್‌ಗಿಲ್ ಅದನ್ನು ನೋಡಿ ನನ್ನ ಹೆಸರು ಕೂಗಿ ನಕ್ಕ. "ಕೂಸು ಹುಟ್ಟೋ ಮುಂಚೇನೇ ಕುಲಾವಿ ಹೊಲಿಸ್ಬಿಟ್ಯಲ್ಲೋ, ಹ್ಯಾಡೋ!" ನಕ್ಕನೇನೋ ಸರಿ, ಫೋಟೋಗೆ ನಿಂತಾಗ ಒಮ್ಮೆಯೂ ಆ ಗುರುತಿನ ಕಡೆ ತಿರುಗಲಿಲ್ಲ.

ಅಂದು ರಾತ್ರಿ ದಾಳಿಗೆ ಹೋದ ಆ ಏಳು ಜನ ಮರಳಲಿಲ್ಲ. ಬೆಳಕು ಹರಿಯುವವರೆಗೂ ಸೈಕಲ್ ಹಿಡಿದುಕೊಂಡು ರನ್‌ವೇ ಅಂಚಿನಲ್ಲಿ ನಿಂತಿದ್ದೆ.

ಇವತ್ತು ಪತ್ರಿಕೆಯಲ್ಲಿ ಫೋಟೋ ಬಂದಿದೆ. ಮೂವತ್ತು ದಾಳಿ ಮುಗಿಸಿದ ವೀರರಂತೆ. ಏಳು ಮುಖ, ಮೂವತ್ತು ಬಾಂಬು. ಬಣ್ಣ ಬಳಿದ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ, ಗೊತ್ತು. ಗೊತ್ತಿದ್ದು ಏನು ಬಂತು?

ಅಧಿಕಾರಿ ಪತ್ರಿಕೆಯನ್ನು ಕೈಗಿತ್ತು ಬೆನ್ನು ತಟ್ಟಿದ. "ಚೆನ್ನಾಗಿ ಬಂದಿದೆ ಕಣಯ್ಯಾ. ನಾಳೆ ಹೊಸ ವಿಮಾನ ಬರುತ್ತೆ. ಬಣ್ಣ ಉಳಿದಿದೆ ತಾನೆ?"

"ಉಳಿದಿದೆ ಸಾರ್" ಎಂದಿತು ಈ ಹಾಳು ನಾಲಿಗೆ.