ಬರಿ ಕೊರಳು

ಪುಣೆ ಕ್ಯಾಂಪ್
ತಾರೀಖು ೮ ಜನವರಿ ೧೯೨೮

ಪ್ರೀತಿಯ ಅವ್ವಾ,

ದೂರದಿಂದಲೇ ನಿನ್ನ ಪಾದ ಮುಟ್ಟಿ ಈ ಕಾಗದ ಬರೆಯುತ್ತಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಈ ಚಳಿಗೆ ನೋವು ಹೆಚ್ಚಾಗಿರಬೇಕು. ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿಕೋ, ಬೆಳಗಿನ ಜಾವದಲ್ಲಿ ಅಂಗಳಕ್ಕೆ ನೀರು ಹೊಡೆಯುವ ಕೆಲಸ ಸಾವಂತ್ರಿಗೆ ಬಿಡು. ಅಪ್ಪನ ಕೆಮ್ಮು ಕಡಿಮೆಯಾಯಿತೇ? ಒಂದು ವರ್ಷದ ಮೇಲಾಯಿತು, ಅವರು ನನ್ನ ಹೆಸರು ಎತ್ತಿಲ್ಲ. ಅಂಥವರ ಕೆಮ್ಮನ್ನು ವಿಚಾರಿಸಬಾರದೆಂದು ನಾನು ಓದಿದ ಯಾವ ಹೊತ್ತಿಗೆಯಲ್ಲಿಯೂ ಇಲ್ಲ. ನಾವಿಬ್ಬರೂ ಕ್ಷೇಮವಾಗಿದ್ದೇವೆ. ಸಾವಂತ್ರೀ, ಓದುವವಳು ನೀನೇ ಎಂದು ಗೊತ್ತು ನನಗೆ. ಅಡಿಗೆಮನೆಯ ಕದ ಮುಂದೆ ಮಾಡಿಕೊಂಡು ಮೆಲ್ಲಗೆ ಓದು ತಂಗೀ. ಅವ್ವ ಅತ್ತರೆ ನಿಲ್ಲಿಸು, ನೀನು ಅತ್ತರೆ ಮುಂದೆ ಓದು.

ಈ ಕಾಗದವೂ ಸಂಕಪ್ಪ ಕಾಕಾ ಊರಿಗೆ ಮರಳಿಸುವ, ಮಾರದೆ ಉಳಿದ ಖಣದ ಗಂಟಿನಲ್ಲಿಯೇ ಬರುತ್ತದೆ. ಗುಳೇದಗುಡ್ಡದಿಂದ ಅಪ್ಪ ಕಳಿಸುವ ಕುಪ್ಪಸದ ಖಣಗಳನ್ನು ಮೂವತ್ತು ವರ್ಷದಿಂದ ಈ ರವಿವಾರ ಪೇಠೆಯಲ್ಲಿ ಮಾರಿದ ಮನುಷ್ಯ, ಅಪ್ಪನಿಗೆ ತಿಳಿಯದಂತೆ ಒಂದು ಕೆಲಸ ಮಾಡುತ್ತಿದ್ದರೆ ಅದು ಇದೊಂದೇ. ಕಾಗದ ಕೊಟ್ಟಾಗಲೆಲ್ಲ ಬೈಯುತ್ತಾನೆ, ಬೈಯುತ್ತಲೇ ಗಂಟಿನೊಳಗೆ ತುರುಕುತ್ತಾನೆ. ನಿನ್ನೆ ಅಂದದ್ದು ಕೇಳು: "ಲೇ ಪಾದ್ರೀ, ನಿನ್ನ ಸಲುವಾಗಿ ನಾ ಸುಳ್ಳ ಹೇಳೂದು, ನೀ ಸತ್ಯವಂತ ಆಗೂದು. ಭೇಷಿ ಅದಲೇ ನಿನ್ನ ಧರ್ಮ!" ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ರಾತ್ರಿಯೂಟದಲ್ಲಿ ಸಣ್ಣ ಕಲ್ಲಿನ ಹಾಗೆ ಹಲ್ಲಿಗೆ ಸಿಕ್ಕಿತು.

ಅವ್ವಾ, ರೊಟ್ಟಿಯ ಆಸೆಗೆ ಯಾರ ಹಿಂದೆಯೋ ಹೋದನೆಂದು ಊರು ಮಾತಾಡುತ್ತದೆ ಎಂದು ಕೇಳಿದ್ದೇನೆ. ಮಾತಾಡಲಿ. ಕಾಕಾನ ಅಂಗಡಿಯ ಕೆಲಸಕ್ಕೆ ಬಂದ ಹೊಸತರಲ್ಲಿ, ಸ್ಟೇಶನ್ನಿನ ಮುಂದೆ ಒಬ್ಬ ಮುದುಕ ಕ್ರಿಸ್ತಮತದ ಸಣ್ಣ ಕನ್ನಡ ಹೊತ್ತಿಗೆಗಳನ್ನು ಹಂಚುತ್ತಿದ್ದ. ಸುತ್ತಲೂ ಮರಾಠಿಯ ಬಾಳಬೋಧ ಅಕ್ಷರವೇ ಇರುವ ಈ ಊರಿನಲ್ಲಿ ನಮ್ಮ ದುಂಡು ಅಕ್ಷರ ಕಂಡಿತಲ್ಲ ಎಂಬ ಸಂತೋಷಕ್ಕೆ ಮೊದಲನೆಯದನ್ನು ತೆಗೆದುಕೊಂಡೆ. ಖಣದ ಗಂಟುಗಳ ಮೇಲೆ ಕೂತು ಓದಿದೆ. ಎರಡನೆಯದನ್ನು ಕೇಳಿ ತೆಗೆದುಕೊಂಡೆ. ಮುಂದೆ ಒಂದು ದಿನ, ನಾನು ಅದನ್ನು ಓದುವುದು ಹೋಗಿ ಅದು ನನ್ನನ್ನು ಓದುತ್ತಿದೆ ಎನ್ನಿಸಿತು. ಸತ್ಯ ಕಂಡ ಮೇಲೆ ಕಾಣದವನಂತೆ ನಡೆಯುವುದು ನನ್ನಿಂದಾಗದು. ತನ್ನ ಹಿಂದೆ ಬರುವವನಿಗೆ ಅವನ ಮನೆಯವರೇ ಎದುರಾಗುತ್ತಾರೆಂದು ಕ್ರಿಸ್ತಸ್ವಾಮಿ ಮೊದಲೇ ಎಚ್ಚರಿಸಿದ್ದಾನೆ. ಆಗಲಿ, ಎದುರಾಗಲಿ ಎಂದು ಎದೆ ಸೆಟೆಸಿಕೊಂಡೇ ಊರಿಗೆ ಬಂದೆ. ಹೊತ್ತಿಗೆಗಳಲ್ಲಿ ಅಪ್ಪಂದಿರು ಬಡಿಗೆ ಹಿಡಿದು ಬರುತ್ತಾರೆ, ಶಾಪ ಹಾಕುತ್ತಾರೆ. ಅದಕ್ಕೆ ತಕ್ಕ ಉತ್ತರಗಳನ್ನು ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ.

ನೀನು ಅವತ್ತು ಒಳಗಿನ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಬಡಿಗೆ ಹಿಡಿಯಲಿಲ್ಲ. ನಾನು ಕೊರಳಿನಿಂದ ತೆಗೆದ ಲಿಂಗವನ್ನು ಮುಂದೆ ಚಾಚಿದಾಗ ಹೆಗಲ ಮೇಲಿನ ವಸ್ತ್ರದಿಂದ ತಮ್ಮ ಎಡಗೈ ಒರೆಸಿಕೊಂಡು, ಪೂಜೆಗೆ ಹಿಡಿಯುವಂತೆ ಅಂಗೈ ಒಡ್ಡಿದರು. ಅದನ್ನು ದೇವರ ಜಗಲಿಯ ಮೇಲಿಟ್ಟು ಬಂದು ಒಂದೇ ಮಾತು ಹೇಳಿದರು: "ನನ್ನ ಮಗಗ ಈ ಮನ್ಯಾಗ ಜಾಗಾ ಅದ. ಈ ಬರಿ ಕೊರಳಿಗಿಲ್ಲ." ಬಾಯಿಪಾಠದ ಉತ್ತರಗಳನ್ನು ಹಾಗೆಯೇ ಹೊತ್ತುಕೊಂಡು ಹೊಸ್ತಿಲು ಇಳಿದೆ. ನಂಬಿಗೆಯ ವಿಷಯದಲ್ಲಿ ನನಗೂ ಅವರಿಗೂ ಭೂಮಿ ಆಕಾಶದಷ್ಟು ದೂರ. ಆದರೆ ತಾನು ನಂಬಿದ್ದಕ್ಕೆ ಮಗನನ್ನು ಬಿಟ್ಟು ನಿಲ್ಲುವ ಮನುಷ್ಯನ ಎದುರು ತಲೆ ಬಾಗುತ್ತದೆ ಅವ್ವಾ. ನನಗೆ ಈ ಹಟ ಎಲ್ಲಿಂದ ಬಂತೆಂದು ಜನ ಕೇಳಿದಾಗ ನಗು ಬರುತ್ತದೆ.

ಆದರೆ ಈ ಕಾಗದ ಅಪ್ಪನ ಸಲುವಾಗಿ ಅಲ್ಲ, ನಿನ್ನ ಸೊಸೆಯ ಸಲುವಾಗಿ. ಅವಳ ವಿಷಯ ಇಷ್ಟು ದಿನ ಎರಡು ಸಾಲಿಗಿಂತ ಹೆಚ್ಚು ಬರೆದಿರಲಿಲ್ಲ. ಇವತ್ತು ಎಲ್ಲವನ್ನೂ ಬರೆಯುತ್ತೇನೆ.

ನಾನು ಹೊರಬಿದ್ದ ಮೇಲೆ ನಾಗವ್ವನ ಅಪ್ಪ ಅವಳನ್ನು ಕೆರೂರಿಗೆ ಕರೆದುಕೊಂಡು ಹೋದರಲ್ಲ, ಅಲ್ಲಿ ಅವಳಿಗೆ ಹೇಳಿದ್ದಿಷ್ಟು: ನಿನ್ನ ಗಂಡ ಸತ್ತಂತೆ, ಉಡಿಕೆಯ ಮರುಮದುವೆ ಮಾಡಿ ಬೇರೆ ಮನೆಗೆ ಕೊಡುತ್ತೇವೆ. ಅವಳು ಟ್ರಂಕು ಕಟ್ಟಿದಳು. ದಾರಿಯಲ್ಲಿ ನಿನ್ನ ಹತ್ತಿರ ಬಂದಿದ್ದಳು, ನೀನು ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಆ ಹಿಂಡಿಯನ್ನು ನಾನೂ ತಿಂದೆ, ಖಾರ ಹೆಚ್ಚಾಗಿತ್ತು, ನೀನು ಕಣ್ಣೊರೆಸಿಕೊಳ್ಳುತ್ತ ಕುಟ್ಟಿದ್ದೆ ಎಂದು ಅದರಲ್ಲಿಯೇ ತಿಳಿಯಿತು. ಹೋದ ಹೋಳಿಹುಣ್ಣಿಮೆಯ ಮರುದಿನ ಸಂಕಪ್ಪ ಕಾಕಾನ ಟಾಂಗಾದಿಂದ ಅವಳು ನಮ್ಮ ಕಂಪೌಂಡಿನ ಬಾಗಿಲಲ್ಲಿ ಇಳಿದಳು. ನಾನು ಆಗ ಕ್ರಿಸ್ತೀಯರ ಕಂಪೌಂಡಿನ ಒಂದು ಕೋಣೆಯಲ್ಲಿದ್ದೆ. ಹೊಸ ಕುರಿಯೊಂದು ಮಂದೆಗೆ ಬಂತೆಂದು ಎಲ್ಲರೂ ಹಿಗ್ಗಿ ಸುತ್ತ ನೆರೆದರು. ನಾಗವ್ವ ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ನನಗೆ ಹೇಳಿದಳು: "ನಾ ಗಂಡನ ಮನಿಗಿ ಬಂದೇನ್ರಿ. ನಿಮ್ಮ ದೇವರ ಮನಿಗಲ್ಲ."

ಕನ್ನಡ ತಿಳಿಯದವರಿಗೆ ನಾನು ಅದನ್ನು ಮರಾಠಿಯಲ್ಲಿ ಹೇಳಬೇಕಾಯಿತು. ಎಷ್ಟು ನಾಚಿಕೆಯಾಯಿತೆಂದು ಈಗ ನೆನೆದರೆ ಆ ನಾಚಿಕೆಗೇ ನಾಚಿಕೆಯಾಗುತ್ತದೆ.

ಪಕ್ಕದ ಕೋಣೆಯ ಭಾಮಾಬಾಯಿಯ ಕಥೆ ಕೇಳು, ನೀನು ನಗಬೇಕು. ಅವಳು ಮರಾಠಿಯವಳು, ಹುಟ್ಟಿನಿಂದಲೇ ಕ್ರಿಸ್ತೀಯಳು, ಅವಳ ಅಜ್ಜನ ಕಾಲದಲ್ಲಿ ಊರಬಾವಿಗೆ ಬಿಡದ ಜನ. ನಾಗವ್ವನ ಎದೆಯ ಮೇಲೆ ಲಿಂಗವಿಡುವ ಬೆಳ್ಳಿಯ ಕರಡಿಗೆ ನೋಡಿ, ಹಲ್ಲುಜ್ಜುವ ತಂಬಾಕಿನ ಪುಡಿಯ ಡಬ್ಬಿ ಎಂದು ತಿಳಿದಳು. ಇಲ್ಲಿಯ ಹೆಂಗಸರಿಗೆ ಆ ಚಟ ಭಾರಿ. ಮೂರು ದಿನ ಕಾದು, ಕೊನೆಗೆ ಕೈ ಚಾಚಿ, ಒಂದು ಚಿಟಿಕೆ ಕೊಡೇ ತಂಗಿ, ನಿಮ್ಮೂರಿನದು ಹೇಗಿರುತ್ತದೋ ನೋಡೋಣ ಎಂದಳು. ನಾಗವ್ವ ಎರಡು ಹೆಜ್ಜೆ ಹಿಂದೆ ಹಾರಿದಳು. ವಿಷಯ ತಿಳಿದ ಮೇಲೆ ಭಾಮಾಬಾಯಿ ಗಲ್ಲ ಗಲ್ಲ ಬಡಿದುಕೊಂಡು ನಕ್ಕಳು. ದೇವರನ್ನೇ ತಿಕ್ಕಿಕೊಳ್ಳಲು ಕೇಳಿದೆನಲ್ಲ ನಾನು ಎಂದು ಇಡೀ ಕಂಪೌಂಡಿಗೆ ತಾನೇ ಹೇಳಿಕೊಂಡು ಬಂದಳು.

ಆದರೆ ಆ ಭಾಮಾಬಾಯಿ ಮುಟ್ಟಿದ ನೀರನ್ನು ನಾಗವ್ವ ಕುಡಿಯಲಿಲ್ಲ. ಅದರ ಮೇಲೆ ನಾನು ಸಿಟ್ಟಿನಿಂದ ಎಷ್ಟು ಮಾತಾಡಿದೆನೆಂದು ಹೇಳಲಾರೆ. ಮನುಷ್ಯನನ್ನು ಮುಟ್ಟದ ಮಡಿ ಮಡಿಯೇ ಅಲ್ಲ ಎಂದು ಇವತ್ತಿಗೂ ಹೇಳುತ್ತೇನೆ, ಅದರಲ್ಲಿ ರಾಜಿಯಿಲ್ಲ. ಪ್ರತಿ ಸಂಜೆ ಅವಳಿಗೆ ಹೊತ್ತಿಗೆ ಓದಿ ಹೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ ಕೇಳುವಳು, ಬೇಡ ಎಂದು ಒಂದು ದಿನವೂ ಅನ್ನಲಿಲ್ಲ. ಸ್ವಾಮಿಯನ್ನು ಶಿಲುಬೆಗೆ ಹಾಕಿದ ಭಾಗ ಓದಿದ ದಿನ ರೊಟ್ಟಿಯ ಸಪ್ಪಳ ನಿಂತಿತು. "ಅವನ ತಾಯಿ ಅಲ್ಲೇ ಇದ್ದಳೇನ್ರಿ?" ಎಂದಳು. ಇದ್ದಳು, ಹತ್ತಿರವೇ ನಿಂತಿದ್ದಳು ಎಂದೆ. ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು: "ಮಗನ ಮಾತು ಆಕಿಗೆ ಪೂರಾ ತಿಳಿದಿತ್ತೋ ಇಲ್ಲೋ. ನಿಂತಿದ್ದಳಲ್ಲ, ಸಾಕು." ಅವ್ವಾ, ಆ ಭಾಗವನ್ನು ಎಷ್ಟೋ ಸಲ ಓದಿದ ನನಗೆ ಆ ತಾಯಿ ಕಂಡಿರಲೇ ಇಲ್ಲ.

ಬೆಳಿಗ್ಗೆ ಅವಳು ಮೂಲೆಯಲ್ಲಿ ಕೂತು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುತ್ತಾಳೆ, ಅದು ಮುಗಿಯದೆ ಗುಟುಕು ನೀರಿಲ್ಲ. ಇದು ಕಂಪೌಂಡಿನ ಹಿರಿಯರಾದ ಮಾರ್ತಾಂಡ ಮಾಸ್ತರರಿಗೆ ತಿಳಿಯಿತು. ಅವರು ಕೆಟ್ಟವರಲ್ಲ. ಸದಾಶಿವ ಪೇಠೆಯ ಬ್ರಾಹ್ಮಣರ ದೊಡ್ಡ ವಾಡೆಯಲ್ಲಿ ಹುಟ್ಟಿದವರು. ಅವರು ಕ್ರಿಸ್ತೀಯರಾದ ದಿನ, ಬದುಕಿರುವಾಗಲೇ ಅವರ ಹೆಸರಿನಲ್ಲಿ ಅಣ್ಣತಮ್ಮಂದಿರು ಎಳ್ಳುನೀರು ಬಿಟ್ಟರು. ಇಂದಿಗೂ ಆ ಬೀದಿಯಲ್ಲಿ ಹೋಗುವಾಗ ಛತ್ರಿ ಅಡ್ಡ ಹಿಡಿದು ನಡೆಯುತ್ತಾರೆ. ಅಷ್ಟನ್ನು ಬಿಟ್ಟು ಬಂದವರಿಗೆ, ಬಿಡದೆ ಬಂದವಳನ್ನು ಸಹಿಸುವುದು ಕಷ್ಟ. ಡಿಸೆಂಬರ್ ಮೊದಲಲ್ಲಿ ನನ್ನನ್ನು ಕರೆಸಿ, ನಿನ್ನ ಹೆಂಡತಿಗೆ ಇಲ್ಲಿ ಜಾಗವಿದೆ, ಅವಳ ಕೊರಳಿನ ಕಲ್ಲಿಗಿಲ್ಲ, ಕ್ರಿಸ್ತಜಯಂತಿಯೊಳಗೆ ತೆಗೆಸು, ಇಲ್ಲವೆ ಕೋಣೆ ಬಿಡು ಎಂದರು.

ಆ ಮಾತು ಎಲ್ಲಿಯೋ ಕೇಳಿದಂತಿತ್ತು. ಆದರೂ ನಾನು ಬೆಂಕಿಯಾಗಿ ಮನೆಗೆ ಬಂದೆ, ತೆಗೆಯಬೇಕೆಂದು ಅವಳಿಗೆ ಹೇಳಿದೆ. ಏಳು ತಿಂಗಳ ಬಸುರಿ, ಗೋಡೆ ಹಿಡಿದು ಎದ್ದು ನಿಂತಳು. ಕೂಗಲಿಲ್ಲ. "ನೀವು ನಂಬಿದ್ದಕ್ಕ ಮಾವನವರ ಎದುರು ನಿಂತ್ರಿ. ನಾ ನಂಬಿದ್ದಕ್ಕ ನಿಮ್ಮ ಎದುರು ನಿಂತೇನಿ. ನಿಮ್ಮದು ನಂಬಿಗಿ, ನನ್ನದು ಹಟ ಹೆಂಗಾತ್ರಿ?"

ಆಗ ನೋಡಿದೆ, ನಾನು ಅಪ್ಪ ನಿಂತ ಜಾಗದಲ್ಲಿದ್ದೆ, ಅವಳು ನಾನು ನಿಂತ ಜಾಗದಲ್ಲಿದ್ದಳು. ನನ್ನ ಹೊತ್ತಿಗೆಗಳಲ್ಲಿ ಶೂರರೆಲ್ಲ ಮನೆ ಬಿಟ್ಟು ಹೋದವರು. ಮನೆ ಬಿಡದೆ, ದೇವರ ಬಿಡದೆ, ಗಂಡನ ಬಿಡದೆ, ಎಲ್ಲರ ಬೈಗಳ ನಡುವೆ ನಿಂತವಳ ಕಥೆ ಯಾರೂ ಅಚ್ಚು ಹಾಕಿರಲಿಲ್ಲ. ಮರುದಿನ ಮಾಸ್ತರರಿಗೆ ಹೇಳಿದೆ: ನನ್ನ ಸ್ವಾಮಿ ಯಾರ ಕೊರಳಿಗೂ ಕೈ ಹಾಕಲಿಲ್ಲ, ನಾನೂ ಹಾಕುವುದಿಲ್ಲ. ಅವರು ಕೋಣೆಯ ಬೀಗದ ಕೈ ಇಸಿದುಕೊಂಡರು.

ಈಗ ಕ್ಯಾಂಪಿನಲ್ಲಿ ನಾನು ಬಟ್ಟೆ ಅಳೆಯುವ ಪಾರಸಿ ಸೇಠರ ಅಂಗಡಿಯ ಹಿಂದೆ ಒಂದು ಕೋಣೆ. ರವಿವಾರ ಕ್ರಿಸ್ತೀಯರ ದೇವಾಲಯಕ್ಕೆ ತಪ್ಪದೆ ಹೋಗುತ್ತೇನೆ, ಹಿಂದಿನ ಬಾಕಿನ ಮೇಲೆ ಕೂಡುತ್ತೇನೆ, ಕೆಲವರು ಮುಖ ತಿರುಗಿಸುತ್ತಾರೆ. ಸಾಮಾನು ಸಾಗಿಸಿದ ದಿನ ಭಾಮಾಬಾಯಿ ನಮ್ಮ ಒಲೆಯನ್ನು ತಲೆಯ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ತನ್ನ ನೀರಿನ ತಂಬಿಗೆ ಹಿಡಿದು ನಾಗವ್ವನ ಜೊತೆಗೇ ನಡೆದಳು. ಸಾವಂತ್ರೀ, ಇದನ್ನು ಇನ್ನೂ ಮೆಲ್ಲಗೆ ಓದು. ಅರ್ಧ ದಾರಿಯಲ್ಲಿ ನಾಗವ್ವ ನಿಂತು, ಒಂದು ಕ್ಷಣ ಲಿಂಗವನ್ನು ಮುಟ್ಟಿಕೊಂಡು, ಆ ತಂಬಿಗೆಗೆ ಕೈ ಚಾಚಿದಳು. ಕುಡಿದಳು. ನನ್ನ ಇಷ್ಟು ತಿಂಗಳ ಓದಿನಿಂದ ಆಗದ್ದು ಆ ಒಲೆಯ ಭಾರದಿಂದ ಆಯಿತು.

ಸಾವಂತ್ರಿಗೆ ನನ್ನ ಆಶೀರ್ವಾದ. ನಿನಗೆ ನಾಗವ್ವನ ನಮಸ್ಕಾರ. ಸಂಕ್ರಾಂತಿಗೆ ಅವಳು ಮಾಡಿದ ಕುಸುರೆಳ್ಳನ್ನು ಇದೇ ಗಂಟಿನಲ್ಲಿ ಕಟ್ಟಿದ್ದೇನೆ, ಎರಡು ಪೊಟ್ಟಣಗಳಿವೆ. ದೊಡ್ಡದು ಅಪ್ಪನಿಗಂತೆ.

ನಿನ್ನ ಮಗ,
ಈರಬಸಪ್ಪ
(ಹೆಸರು ಬದಲಿಸಲು ಹೇಳಿದ್ದರು. ನೀನಿಟ್ಟದ್ದೆಂದು ಬದಲಿಸಲಿಲ್ಲ.)

ತಾಜಾಕಲಂ: ಸಾವಂತ್ರೀ, ಈಗ ಅಡಿಗೆಮನೆಯ ಕದ ತೆರೆ. ಅಪ್ಪ ಪಡಸಾಲೆಯಲ್ಲಿ ಇದ್ದರೆ ಅವರಿಗೆ ಕೇಳುವಂತೆ ಓದು. ಬೈದರೆ ನನ್ನ ಹೆಸರು ಹೇಳು. ಇನ್ನು ಮೇಲೆ ಗಂಟಿನಲ್ಲಿ ಬಚ್ಚಿಟ್ಟು ಬರೆಯುವುದಿಲ್ಲ, ಸಂಕಪ್ಪ ಕಾಕಾ ಅಂದದ್ದು ನಿಜ.

ಅಪ್ಪಾ, ಶಿವರಾತ್ರಿಯ ಹಿಂದೆಮುಂದೆ ನಾಗವ್ವನ ಹೆರಿಗೆ. ಮೊದಲ ಬಾಣಂತನ ತವರಿನದು. ವಿಧವೆ ಎಂದು ಒಪ್ಪಿಕೊಂಡು ಬಂದರೆ ಬಾಗಿಲು ತೆರೆಯುತ್ತೇವೆಂದು ಕೆರೂರಿನಿಂದ ಹೇಳಿ ಕಳಿಸಿದ್ದಾರೆ. ಅವಳು ಹೋಗುವುದಿಲ್ಲ, ಅಳುವುದೂ ಇಲ್ಲ, ಸಂಜೆಯಾದರೆ ಬೀದಿಯ ಕಡೆ ಮುಖ ಮಾಡಿ ಕೂಡುತ್ತಾಳೆ. ಅವ್ವನನ್ನು ಕಳಿಸಿಕೊಡಿ. ಕದ್ದು ಬರುವುದು ಬೇಡ, ನಿಮ್ಮ ಮಾತು ತೆಗೆದುಕೊಂಡೇ ಬರಲಿ ಎಂದು ನಾಗವ್ವ ಹೇಳಿದ್ದಾಳೆ. ಮತ್ತೆ, ಹುಟ್ಟುವ ಕೂಸಿಗೆ ಮಠದ ಅಯ್ಯನೋರ ಕೈಯಿಂದ ಒಂದು ಲಿಂಗ ತರಬೇಕಂತೆ. ನನಗೆ ಇದು ಒಪ್ಪಿಗೆಯಿಲ್ಲ, ಅವಳಿಗೆ ಹೇಳಿದ್ದೇನೆ, ನಾಳೆಯೂ ಹೇಳುತ್ತೇನೆ. ಅವಳು ಬರೆಯಲು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ.

ಬರಿ ಕೊರಳಿಗೆ ಜಾಗವಿಲ್ಲ ಎಂದಿರಿ, ನಾನು ಕೇಳಿಕೊಂಡು ಬಂದೆ. ಈಗ ಬರುವ ಕೊರಳು ನನ್ನದಲ್ಲ, ಅಪ್ಪಾ. ಸಂಕ್ರಾಂತಿಯ ಮುಂದಿನ ಅಮಾವಾಸ್ಯೆಯ ಮರುದಿನದಿಂದ ಹೊಟಗಿ ಸ್ಟೇಶನ್ನಿನಲ್ಲಿ, ಗಾಡಿ ಬದಲಿಸುವಲ್ಲಿ ನಿಂತಿರುತ್ತೇನೆ. ಸೇಠರ ಹತ್ತಿರ ರಜೆ ಕೇಳಿದ್ದೇನೆ. ನಿಮ್ಮ ಕಡೆಯ ಗಾಡಿ ಬಂದಾಗಲೆಲ್ಲ ಹೆಂಗಸರ ಡಬ್ಬಿ ನೋಡುತ್ತೇನೆ.