ಟಿಕೆಟ್ ತಗೊಂಡು ಒಳಗೆ ಬಂದ ತಂಗಿಗೆ

ತಂಗಿ ಮೆರೆಆನಾ,

ನಾನು ಕಾಗದ ಬರೆಯುವವನಲ್ಲ. ಮೀಸೆ ಮೂಡುವ ಮೊದಲೇ ಶಾಲೆ ಬಿಟ್ಟು ಮರ ಕೊಯ್ಯುವ ಮಿಲ್ಲು ಸೇರಿದವನು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ನೀನು ಬಂದು ಹೋದ ಶನಿವಾರ ನನ್ನ ತಲೆಯೊಳಗೆ ನಮ್ಮೂರ ಕೆಸರುಗುಂಡಿಯ ಹಾಗೆ ಇನ್ನೂ ಕುದಿಯುತ್ತಿದೆ. ನೀನು ಬಂದದ್ದು ಯಾಕೆ? ಊರು ನೋಡಲಿಕ್ಕೋ, ನನ್ನ ಹೊಟ್ಟೆ ಉರಿಸಲಿಕ್ಕೋ?

ಸೇತುವೆಯ ಆಚೆ, ಊರ ಬಾಗಿಲಿನ ಕಮಾನಿನ ಕೆಳಗೆ, ನೀನು ಕಪ್ಪು ಬಟ್ಟೆ ಉಟ್ಟು ನಿಂತಿದ್ದೆ. ನಾನು ಕೈ ಬೀಸಿದೆ. ನೀನು ಕದಲಲಿಲ್ಲ. ಇತ್ತ ಬಿಸಿನೆಲದ ಆವಿಪೆಟ್ಟಿಗೆಯಲ್ಲಿ ನಿನಗೆಂದೇ ಇಟ್ಟ ಹಂದಿಮಾಂಸ ಬೆಂದು ಕರಗುತ್ತಿತ್ತು. ಕೊನೆಗೆ ನಾನೇ ಕೂಗಿದೆ: "ಏನೇ, ಪ್ರವಾಸಕ್ಕೆ ಬಂದವರ ಹಾಗೆ ನಿಂತಿದ್ದೀಯಲ್ಲ? ಹಾಗಿದ್ರೆ ಟಿಕೆಟ್ ತಗೊಂಡೇ ಬಾ."

ತಮಾಷೆಗೆ ಅಂದದ್ದು. ನೀನು ನಿಜವಾಗಿ ಹೋಗಿ ಟಿಕೆಟ್ ತಗೊಂಡೆ! ದುಡ್ಡು ಕೊಟ್ಟು ನಮ್ಮೂರು ನೋಡಲು ಬಂದ ಜರ್ಮನಿಯವರ ಗುಂಪಿನಲ್ಲಿ ಸೇರಿಕೊಂಡುಬಿಟ್ಟೆ.

ಊರು ತೋರಿಸುತ್ತಿದ್ದವಳು ನನ್ನ ಮೊಮ್ಮಗಳು ಹುಯಿಯಾ. ನಿನ್ನನ್ನು ಎಂದೂ ಕಂಡವಳಲ್ಲ, ಗುರುತು ಹತ್ತಲಿಲ್ಲ. ಸಿಟ್ಟಿಗೆ ನಾನೂ ಹೇಳಲಿಲ್ಲ, ಹಿಂದೆ ಹಿಂದೆ ಬಂದೆ. ಕುದಿಯುವ ಕೊಳದ ಹತ್ತಿರ ಅವಳು ಇಲ್ಲೇ ಜೋಳದ ತೆನೆ ಬೇಯಿಸುತ್ತೇವೆ ಅಂದಾಗ, ಬೇಯಲು ಎಷ್ಟು ಹೊತ್ತು ಬೇಕು ಅಂತ ನೀನು ಕೇಳಿದೆ. ಅದೇ ಕೊಳದಲ್ಲಿ ತೆನೆಯ ಚೀಲ ಎತ್ತಲು ಹೋಗಿ ಮೊಣಕೈ ಸುಟ್ಟುಕೊಂಡವಳು ಯಾರು? ಆ ಸುಟ್ಟ ಕಲೆಯನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡಿದ್ದೆಯಲ್ಲ. ಚಿಮ್ಮುಬುಗ್ಗೆ ಎದ್ದಾಗ ಎಲ್ಲರೂ ಫೋನು ಎತ್ತಿ ಹಿಡಿದರು. ನೀನು ಕಣ್ಣು ಮುಚ್ಚಿ ಮುಖಕ್ಕೆ ತುಂತುರು ಬೀಳಿಸಿಕೊಂಡೆ. ಅದು ಮಾತ್ರ ನನ್ನ ಹಳೆಯ ತಂಗಿ.

ಆಮೇಲೆ ಸ್ಮಶಾನ. ನೆಲ ಅಗೆದರೆ ಬಿಸಿನೀರು, ಅದಕ್ಕೇ ನಮ್ಮವರನ್ನು ನೆಲದ ಮೇಲೆ ಸಿಮೆಂಟಿನ ಗೋರಿಯಲ್ಲಿ ಮಲಗಿಸುತ್ತೇವೆ ಅಂತ ಹುಯಿಯಾ ಹೇಳಿದಳು. ಗುಂಪು ಮುಂದೆ ಹೋಯಿತು. ನೀನು ಬೇಲಿ ಹಿಡಿದು ನಿಂತೆ. ಅಮ್ಮನ ಗೋರಿ ಕೈಗೆಟುಕುವಷ್ಟು ಹತ್ತಿರ, ಗೇಟು ತೆರೆದೇ ಇತ್ತು. ಒಳಗೆ ಕಾಲಿಡಲಿಲ್ಲ. ಎಂಥ ಕಲ್ಲೆದೆ ಅಂದುಕೊಂಡೆ. ಅಮ್ಮ ಸತ್ತಾಗ ನೀನು ಪರ್ತ್‌ನಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದೆ, ಅದಕ್ಕೆ ಯಾರೂ ನಿನ್ನನ್ನು ಬೈದಿಲ್ಲ. ಈಗ ಬಂದವಳಿಗೆ ಏನಾಗಿತ್ತು? ಊಟಕ್ಕೂ ನಿಲ್ಲದೆ ನೀನು ಬಸ್ಸು ಹತ್ತಿದೆ.

ಸಂಜೆ ಆ ಮಾಂಸವನ್ನು ಕುಯಿನಿ ಚಿಕ್ಕಮ್ಮನ ಮನೆಗೆ ಒಯ್ದು ನಿನ್ನ ಮೇಲೆ ದೂರು ಹೇಳಿದೆ. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅವಳು ಬರೋದು ನಂಗ್ಯಾಕೋ ಹೇಳ್ಲಿಲ್ಲ?"

ಮಂಡಿನೋವಿನವಳನ್ನು ಯಾಕೆ ಎಬ್ಬಿಸಲಿ ಅಂತ ಸುಮ್ಮನಿದ್ದೆ ಅಂದೆ.

"ಅವಳು ಕಾಯ್ತಿದ್ದಿದ್ದು ನಿನ್ನ ಕೈಸನ್ನೆಗಲ್ಲ ಕಣೋ ಕೊರಡೇ, ನನ್ನ ದನಿಗೆ. ಅಮ್ಮನ ಸಾವು ಹೊತ್ಕೊಂಡು ಬಾಗಿಲಿಗೆ ಬಂದೋಳು ಕರೀದೆ ಹೇಗೆ ಒಳಗೆ ಬರ್ತಾಳೆ?"

ನಮ್ಮ ಪದ್ಧತಿಯಲ್ಲಿ ಸಾವಿಗೆ ಬರಲಾಗದವರು ಮೊದಲ ಸಲ ಬಂದಾಗ ಬಾಗಿಲಲ್ಲಿ ನಿಲ್ಲಬೇಕು, ಮನೆಯ ಹಿರಿಯಳು, ಅಂದರೆ ಈಗ ಚಿಕ್ಕಮ್ಮ, ದನಿ ಎತ್ತಿ ಕರೆಯಬೇಕು, ಆಮೇಲೆ ಎಲ್ಲರೂ ಕೂಡಿ ಅಳಬೇಕು. ಗೊತ್ತಿಲ್ಲದವನೇನಲ್ಲ ನಾನು. ಆದರೆ ಅದು ನೆಂಟರಿಗೆ, ದೂರದವರಿಗೆ. ಹೆತ್ತ ಮಗಳಿಗೆ ಎಂಥ ಕರೆ? ಬಾಗಿಲು ನಿನ್ನದೇ ಅಲ್ಲವಾ? ಚಿಕ್ಕಮ್ಮ ಅಲ್ಲ ಅನ್ನುತ್ತಾಳೆ. ನನಗೆ ಈಗಲೂ ಸರಿಯಾಗಿ ಅರ್ಥವಾಗಿಲ್ಲ. ನೀನಾದರೂ ಬಾಯಿ ಬಿಟ್ಟು ಹೇಳಬಾರದಿತ್ತಾ? ಹೇಳಿ ಕರೆಸಿಕೊಳ್ಳುವ ಕರೆ ಕರೆಯೇ ಅಲ್ಲ ಅನ್ನುತ್ತಾಳೆ ಅವಳು. ಅದೂ ಅರ್ಥವಾಗಲಿಲ್ಲ.

ಅರ್ಥವಾಗದಿದ್ದರೆ ಹೋಗಲಿ. ಚಿಕ್ಕಮ್ಮನಿಗೆ ಉಸಿರು ಕಡಿಮೆಯಾಗಿದೆ, ಆದರೂ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ದನಿ ಸರಿಮಾಡಿಕೊಳ್ಳುತ್ತಿದ್ದಾಳೆ. ಆ ದನಿ ಇರುವಾಗಲೇ ಬಾ. ಕಮಾನಿನ ಕೆಳಗೆ ನಿಲ್ಲು, ಎಷ್ಟು ಹೊತ್ತಾದರೂ ನಿಲ್ಲು. ನಾನು ಕೈ ಬೀಸುವುದಿಲ್ಲ, ಬಾಯಿಯನ್ನೂ ತೆರೆಯುವುದಿಲ್ಲ. ಅವಳು ಕರೆದ ಮೇಲೆ ನಿಧಾನವಾಗಿ ನಡೆದು ಬಾ, ಅಮ್ಮನ ಗೋರಿಯವರೆಗೂ.

ಅಲ್ಲಿಯವರೆಗೆ ಆರೋಗ್ಯ ನೋಡಿಕೋ. ಈ ನೆಲದ ಬಿಸಿ ಬೇಗ ನಿನ್ನ ಅಂಗಾಲಿಗೆ ತಾಗಲಿ.

ಕೊರಡಿನಂಥ ನಿನ್ನ ಅಣ್ಣ,
ಹೋಹೆಪಾ