ನೀಲ್ ದ್ವೀಪದಲ್ಲಿ ಉಕ್ಕಿದ ಹಾಲು

ಅಕ್ಕ,

ಫೋನಲ್ಲಿ ಹೇಳಿದ್ರೆ ಇವರಿಗೆ ಕೇಳಿಸುತ್ತೆ ಅಂತ ಅಂಡಮಾನಿಂದ ಕಾರ್ಡ್ ಬರೀತಿದೀನಿ. ನಾಲ್ಕನೇ ಸಲ ಇದೇ ದ್ವೀಪ, ಇದೇ ರೂಮು. ‘ಇಲ್ಲೇ ಇದ್ದುಬಿಡೋಣ ಕಣೇ’ ಅಂತ ಪ್ರತಿ ಸಲ ಕನಸು ಕಾಣೋರು, ನಾನು ನಕ್ಕುಬಿಡ್ತಿದ್ದೆ. ಇವತ್ತು ಬೆಳಿಗ್ಗೆ ಎದ್ದು ನೋಡಿದ್ರೆ, ಮೂವತ್ತು ವರ್ಷದಲ್ಲಿ ಒಂದು ಲೋಟ ಕಾಫೀನೂ ಮಾಡಿಕೊಳ್ಳದ ಮನುಷ್ಯ ಓನರಮ್ಮನ ಸ್ಟವ್ ಇಸ್ಕೊಂಡು, ಪೂರ್ವಕ್ಕೆ ಮುಖ ಮಾಡಿ, ಹೊಸ ಮನೆ ಹೊಕ್ಕೋರ ಹಾಗೆ ಹಾಲು ಉಕ್ಕಿಸ್ತಾ ಇದಾರೆ! ಕೇಳಿದ್ರೆ ‘ಟೀಗೆ ಇಟ್ಟಿದ್ದೆ, ಮರೆತುಹೋಯ್ತು’ ಅಂತಾರೆ. ಟೀ ಪಾತ್ರೆಗೆ ಅರಿಶಿನ ಕುಂಕುಮ ಯಾಕೆ ಹಚ್ಚಿದ್ರಂತೆ?

ಸ್ವಲ್ಪ ನಾಗರಬಾವಿಗೆ ಹೋಗಿ, ನಮ್ಮ ಗೇಟಿಗೆ ಟು ಲೆಟ್ ಬೋರ್ಡ್ ತಗುಲಿಹಾಕಿದಾರಾ ನೋಡ್ಕೊಂಡು ಬಾ.

ಇವರು ಬಂದ್ರು, ನಿಲ್ಲಿಸ್ತೀನಿ. ಇಲ್ಲಿಗೆ ಬಂದ ಮೇಲೆ ನನ್ನ ಮಂಡಿ ನೋವು ಪೂರ್ತಿ ಹೋಗಿದೆ. ಅದನ್ನ ಮಾತ್ರ ಇವರ ಹತ್ರ ಬಾಯಿ ಬಿಡಬೇಡ.

ಜಯರತ್ನ